ಬೆರಳು ಮುಟ್ಟಿದ್ದನ್ನು ಮಿದುಳು ಎಷ್ಟು ಹೊತ್ತು ಹಿಡಿದೀತು?

ನವನಗರದ ಚಿಗರಿ ಬಸ್ ನಿಲ್ದಾಣ. ಸಂಜೆಯ ಹೊತ್ತು. ಟಿಕೆಟ್ ಕಿಂಡಿಯ ಮುಂದೆ ಸಾಲು ಬೆಳೆದಿತ್ತು. ನನ್ನ ಮುಂದೆ ನಿಂತಿದ್ದವರು ಕಣ್ಣು ಕಾಣದ ಒಬ್ಬ ಹಿರಿಯರು. ಧಾರವಾಡಕ್ಕೆ ಹೊರಟಿದ್ದರು. ಅಂಗಿಯ ಕಿಸೆಯಿಂದ ನಾಲ್ಕೈದು ನೋಟುಗಳನ್ನು ತೆಗೆದು, ಒಂದನ್ನು ಎಡಗೈಯ ಎರಡು ಬೆರಳುಗಳ ಸಂದಿಗೆ ಸಿಕ್ಕಿಸಿಕೊಂಡು, ಬಲಗೈ ಹೆಬ್ಬೆರಳಿನಿಂದ ಅದರ ಉದ್ದವನ್ನು ಒಮ್ಮೆ ಸವರಿದರು. ಅದನ್ನು ಬಿಟ್ಟು ಎರಡನೆಯದನ್ನು ಹಿಡಿದರು. ಅಷ್ಟರಲ್ಲಿ ಸಾಲಿನ ಹಿಂದಿನಿಂದ ಒಂದು ದನಿ ಬಂತು: "ಲಗೂನ ಕೊಡ್ರೀ ಅಜ್ಜಾರ, ಬಸ್ ಬಂತು."

ಹಿರಿಯರ ಹೆಬ್ಬೆರಳು ನಿಂತಿತು. "ತಡಿಯಪ್ಪಾ, ನೀ ಮಾತಾಡಿದಿ, ನನ್ನ ಅಳತಿ ಹೋತು," ಎಂದು ನಕ್ಕರು. ಮೊದಲ ನೋಟನ್ನು ಮತ್ತೆ ಕೈಗೆ ತೆಗೆದುಕೊಂಡರು.

ಬಸ್ಸು ಸಿಕ್ಕಿತು, ಊರೂ ಬಂತು. ಆದರೆ ಆ ಮಾತು ಮಾತ್ರ ತಲೆಯಿಂದ ಇಳಿಯಲಿಲ್ಲ. ನೋಟು ಕೈಯಲ್ಲೇ ಇತ್ತು, ಬೆರಳೂ ಅಲ್ಲೇ ಇತ್ತು. ಹಾಗಾದರೆ ಹೋದದ್ದು ಯಾವುದು? ಒಂದು ನೋಟನ್ನು ಬಿಟ್ಟು ಇನ್ನೊಂದನ್ನು ಮುಟ್ಟುವ ನಡುವಿನ ಆ ಎರಡು ಮೂರು ಸೆಕೆಂಡು, ಮೊದಲ ನೋಟಿನ 'ಅಳತಿ' ಎಲ್ಲಿ ಕುಳಿತಿತ್ತು? ಯಾರೋ ಆಡಿದ ಒಂದು ಮಾತಿಗೆ ಅದು ಏಕೆ ಜಾರಿಹೋಯಿತು?

ಈ ಪ್ರಶ್ನೆಯ ಹಿಂದೆ ವಿಜ್ಞಾನಿಗಳು ಹಲವು ದಶಕಗಳಿಂದ ಬಿದ್ದಿದ್ದಾರೆ. ಅವರು ಕಂಡುಕೊಂಡ ಸಂಗತಿಗಳಲ್ಲಿ ಟಿಕೆಟ್ ಸಾಲಿನಲ್ಲಿ ನಿಲ್ಲುವ ನಮ್ಮಂಥವರಿಗೂ ಒಂದು ಪಾಠವಿದೆ.

ಕೈಗಡದ ನೆನಪು

ನೆನಪು ಎಂದರೆ ನಮಗೆ ಹಳೆಯದರ ನೆನಪೇ ಮೊದಲು ಹೊಳೆಯುತ್ತದೆ. ಬಾಲ್ಯದ ಮನೆ, ಶಾಲೆಯ ಮಗ್ಗಿ, ಅಜ್ಜಿಯ ಕೈರುಚಿ. ಇವು ವರ್ಷಗಟ್ಟಲೆ ಉಳಿಯುವ ಆಸ್ತಿ. ಇದಲ್ಲದೆ ಇನ್ನೊಂದು ಬಗೆಯ ನೆನಪಿದೆ. ಯಾರೋ ಹೇಳಿದ ಫೋನ್ ನಂಬರನ್ನು ಬರೆದುಕೊಳ್ಳುವ ತನಕ ಬಾಯಲ್ಲಿ ಹಿಡಿದಿರುತ್ತೇವಲ್ಲ, ಅದು. ಕೆಲಸ ಮುಗಿದೊಡನೆ ಅದೂ ಮುಗಿಯಿತು. ಮನೋವಿಜ್ಞಾನದ ಪುಸ್ತಕಗಳು ಇದಕ್ಕೆ ಕಾರ್ಯಕಾರಿ ಸ್ಮೃತಿ ಎಂಬ ದೊಡ್ಡ ಹೆಸರು ಕೊಡುತ್ತವೆ. ನಮ್ಮ ಕಡೆಯ ಮಾತಿನಲ್ಲಿ ಇದನ್ನು ಕೈಗಡದ ನೆನಪು ಎನ್ನಬಹುದು. ಪತ್ರವಿಲ್ಲ, ಸಾಕ್ಷಿಯಿಲ್ಲ, ಬೇಕಾದಾಗ ಪಡೆದು, ಕೆಲಸವಾದೊಡನೆ ಹಿಂದಿರುಗಿಸುವ ಪುಡಿಸಾಲ.

ಈ ಕೈಗಡದ ಗಾತ್ರ ಬಲು ಚಿಕ್ಕದು. ಮನುಷ್ಯ ಒಮ್ಮೆಗೆ ಸುಮಾರು ಏಳು ಸಂಗತಿಗಳನ್ನು ಹಿಡಿದಿಟ್ಟುಕೊಳ್ಳಬಲ್ಲ ಎಂದು ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಲೇಖನ ಪ್ರಸಿದ್ಧವಾಯಿತು. ಬಾಯಲ್ಲಿ ಉರುಹೊಡೆಯಲು ಅವಕಾಶವಿಲ್ಲದಿದ್ದರೆ ಆ ಸಂಖ್ಯೆ ನಾಲ್ಕರ ಆಸುಪಾಸಿಗೆ ಇಳಿಯುತ್ತದೆಂದು ನಂತರದ ಸಂಶೋಧಕರು ವಾದಿಸಿದರು. 1974ರಲ್ಲಿ ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಈ ನೆನಪಿಗೆ ಒಂದು ನಕ್ಷೆ ಬರೆದರು. ಕೇಳಿದ ಮಾತನ್ನು ಒಳಗೊಳಗೇ ತಿರುತಿರುಗಿ ನುಡಿದು ಉಳಿಸಿಕೊಳ್ಳುವ ಒಂದು ಏರ್ಪಾಡು; ಕಂಡ ಚಿತ್ರವನ್ನು ಹಿಡಿದಿಡುವ ಇನ್ನೊಂದು ಏರ್ಪಾಡು; ಇವೆರಡನ್ನೂ ನಡೆಸುವ ಒಬ್ಬ ಮೇಲ್ವಿಚಾರಕ.

ಆ ನಕ್ಷೆಯಲ್ಲಿ ಕಿವಿಗೆ ಒಂದು ಕೋಣೆ ಸಿಕ್ಕಿತು, ಕಣ್ಣಿಗೆ ಒಂದು ಕೋಣೆ ಸಿಕ್ಕಿತು. ಸ್ಪರ್ಶಕ್ಕೆ ಮಾತ್ರ ಪ್ರತ್ಯೇಕ ಕೋಣೆ ಇರಲಿಲ್ಲ. ಇದು ವಿಜ್ಞಾನಿಗಳ ಮರೆವಷ್ಟೇ ಅಲ್ಲ. ಕಣ್ಣಿದ್ದವರ ಲೋಕದಲ್ಲಿ ಬೆರಳಿಗೆ ಸಿಗುವ ಸ್ಥಾನವೇ ಅಷ್ಟು.

ಮನೆಯಲ್ಲೇ ಮಾಡಬಹುದಾದ ಪ್ರಯೋಗ

ಸ್ಪರ್ಶದ ಕೈಗಡ ಎಷ್ಟು ಹೊತ್ತಿನದು? ಇದನ್ನು ಅಳೆಯಲು 1969ರಲ್ಲಿ ಗಿಲ್ಸನ್ ಮತ್ತು ಬ್ಯಾಡ್ಲಿ ಮಾಡಿದ ಪ್ರಯೋಗ ಬಹಳ ಸರಳ. ಓದುಗರು ಇಂದೇ ಮನೆಯಲ್ಲಿ ಮಾಡಿ ನೋಡಬಹುದು. ಕಣ್ಣು ಮುಚ್ಚಿ ಮುಂಗೈ ಚಾಚಿ ಕುಳಿತುಕೊಳ್ಳಿ. ಮಗನೋ ಮಗಳೋ ಪೆನ್ನಿನ ತುದಿಯಿಂದ ನಿಮ್ಮ ತೋಳಿನ ಒಂದು ಜಾಗವನ್ನು ಮೆಲ್ಲಗೆ ಮುಟ್ಟಲಿ. ಹತ್ತು ಹದಿನೈದು ಸೆಕೆಂಡು ಬಿಟ್ಟು, ಮುಟ್ಟಿದ್ದು ಎಲ್ಲಿ ಎಂದು ನೀವು ಬೆರಳಿಟ್ಟು ತೋರಿಸಿ. ಹೆಚ್ಚು ಕಡಿಮೆ ಸರಿಯಾಗಿಯೇ ತೋರಿಸುತ್ತೀರಿ. ಈಗ ಇನ್ನೊಮ್ಮೆ ಮಾಡಿ. ಈ ಸಲ ಮುಟ್ಟಿದ ಕ್ಷಣದಿಂದ ನೂರರಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಿ: ತೊಂಬತ್ತೇಳು, ತೊಂಬತ್ನಾಲ್ಕು, ತೊಂಬತ್ತೊಂದು... ಅಷ್ಟೇ ಹೊತ್ತು ಕಳೆದ ಮೇಲೆ ಜಾಗ ತೋರಿಸಲು ಹೋದರೆ ಬೆರಳು ತಡವರಿಸುತ್ತದೆ.

ಅವರ ಪ್ರಯೋಗದಲ್ಲಿಯೂ ಹೀಗೇ ಆಯಿತು. ಸುಮ್ಮನೆ ಕುಳಿತವರಲ್ಲಿ ಸ್ಪರ್ಶದ ಗುರುತು ಕೆಲಕಾಲ ಚೆನ್ನಾಗಿಯೇ ಉಳಿದು, ಆಮೇಲೆ ಮಸುಕಾಗುತ್ತ ಬಂತು. ಲೆಕ್ಕದಲ್ಲಿ ತೊಡಗಿದವರಲ್ಲಿ ಅದು ಮೊದಲಿನಿಂದಲೇ ಜಾರತೊಡಗಿತು. ಅಂದರೆ ಸುಮ್ಮನೆ ಕುಳಿತಾಗ ನಾವು ನಿಜವಾಗಿ ಸುಮ್ಮನಿರುವುದಿಲ್ಲ. ಆ ಜಾಗದ ಮೇಲೆ ಒಳಗಣ್ಣನ್ನು ಇಟ್ಟಿರುತ್ತೇವೆ. ಗಮನ ಬೇರೆಡೆ ಹೊರಳಿದೊಡನೆ ಗುರುತು ಅಳಿಸತೊಡಗುತ್ತದೆ.

ಬೆರಳಿನ ಮಟ್ಟಿಗೂ ಒಂದು ಲೆಕ್ಕ ಸಿಕ್ಕಿದೆ. ನಮ್ಮ ಹಿರಿಯರು ಬೆರಳಿನ ಗೆಣ್ಣುಗಳ ಮೇಲೆ ಎಣಿಸುವುದನ್ನು ಎಲ್ಲರೂ ಕಂಡಿದ್ದೇವೆ. ಹೆಬ್ಬೆರಳು ಬಿಟ್ಟರೆ ಎರಡು ಕೈಗಳಲ್ಲಿ ಎಂಟು ಬೆರಳು. ಬೆರಳಿಗೆ ಮೂರು ಭಾಗದಂತೆ ಒಟ್ಟು 24. ಅಮೆರಿಕದ ಬ್ಲಿಸ್ ಮತ್ತು ಸಂಗಡಿಗರು 1966ರಲ್ಲಿ ಈ 24 ಜಾಗಗಳಲ್ಲಿ ಕೆಲವನ್ನು ಆರಿಸಿ, ಒಂದೇ ಬಾರಿಗೆ ಸಣ್ಣ ಕೊಳವೆಗಳಿಂದ ಗಾಳಿ ಊದಿ, ಎಲ್ಲೆಲ್ಲಿ ತಗುಲಿತೆಂದು ಕೇಳಿದರು. ಜನ ಸರಿಯಾಗಿ ಹೇಳಿದ್ದು ಕೆಲವೇ ಜಾಗಗಳನ್ನು. ಕಣ್ಣಿಗೆ ಒಂದು ನೋಟದಲ್ಲಿ ಇಡೀ ಕೋಣೆ ಕಂಡರೆ, ಬೆರಳು ಒಂದೊಂದೇ ಅಗುಳು ಎತ್ತಿಟ್ಟು ರಾಶಿ ಮಾಡಬೇಕು. ಎತ್ತಿಟ್ಟದ್ದು ಜಾರದಂತೆ ಕಾಯುವ ಹೊಣೆ ಮಿದುಳಿನದು.

ಬೆರಳ ತುದಿಯಿಂದ ಹಣೆಯ ಹಿಂಬದಿಗೆ

ಹೆಬ್ಬೆರಳು ನೋಟಿನ ಅಂಚನ್ನು ಸವರಿದಾಗ ಒಳಗೆ ಏನಾಗುತ್ತದೆ? ಬೆರಳ ತುದಿಯ ಚರ್ಮದೊಳಗೆ ಸ್ಪರ್ಶವನ್ನು ಗ್ರಹಿಸುವ ನಾಲ್ಕು ಬಗೆಯ ನರತುದಿಗಳಿವೆ. ಒಂದು ಬಗೆಯವು ಅಂಚು, ಉಬ್ಬುಗಳನ್ನು ಹಿಡಿಯುತ್ತವೆ, ಇನ್ನೊಂದು ಬಗೆಯವು ಜಾರುವಿಕೆಯನ್ನು, ಮತ್ತೊಂದು ಕಂಪನವನ್ನು, ನಾಲ್ಕನೆಯದು ಚರ್ಮದ ಎಳೆತವನ್ನು. ಎರಡು ಮಿಲಿಮೀಟರಿನಷ್ಟು ಹತ್ತಿರದ ಎರಡು ಮೊನೆಗಳನ್ನೂ ಬೆರಳ ತುದಿ ಬೇರೆ ಬೇರೆಯೆಂದು ಗುರುತಿಸಬಲ್ಲದು. ಬೆನ್ನಿಗೆ ಈ ಜಾಣತನವಿಲ್ಲ.

ಸುದ್ದಿ ನರದ ಹಾದಿ ಹಿಡಿದು ಬೆನ್ನುಹುರಿ ಸೇರುತ್ತದೆ. ಮಿದುಳ ಬುಡದಲ್ಲಿ ಪಕ್ಕ ಬದಲಿಸುತ್ತದೆ. ಬಲಗೈಯ ಸುದ್ದಿ ಎಡ ಮಿದುಳಿಗೆ, ಎಡಗೈಯದು ಬಲ ಮಿದುಳಿಗೆ. ಮಿದುಳಿನ ನಡುವಿನ ಒಂದು ಕಟ್ಟೆಯನ್ನು ದಾಟಿ ಅದು ಹೊರಪದರದ ಒಂದು ಪಟ್ಟಿಗೆ ಬಂದು ಮುಟ್ಟುತ್ತದೆ. ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಈ ಪಟ್ಟಿಯ ಮೇಲೆ ಇಡೀ ಮೈಯ ನಕ್ಷೆಯಿದೆ. ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ರೋಗಿಗಳು ಎಚ್ಚರವಾಗಿದ್ದಾಗಲೇ ಮಿದುಳಿನ ಶಸ್ತ್ರಚಿಕಿತ್ಸೆ ಮಾಡುತ್ತ ಈ ನಕ್ಷೆಯನ್ನು ಗುರುತಿಸಿದರು. ಅದರಲ್ಲಿ ಬೆನ್ನು ಅಂಗೈಯಗಲದ ಹೊಲದಷ್ಟಿದ್ದರೆ, ಬೆರಳು ಮತ್ತು ತುಟಿಗಳು ದೊಡ್ಡ ಜಮೀನ್ದಾರರು.

ಇಲ್ಲಿಯವರೆಗಿನದು ಮುಟ್ಟಿದ ಕ್ಷಣದ ಕಥೆ. ಬಿಟ್ಟ ಮೇಲೆ?

ಮೆಕ್ಸಿಕೋದ ವಿಜ್ಞಾನಿ ರನುಲ್ಫೊ ರೋಮೊ ಮತ್ತು ಸಂಗಡಿಗರು ಇದಕ್ಕೆ ಉತ್ತರ ಹುಡುಕಲು ಕೋತಿಗಳಿಗೆ ಒಂದು ಆಟ ಕಲಿಸಿದರು. ಕೋತಿಯ ಬೆರಳ ತುದಿಗೆ ಒಂದು ಕಡ್ಡಿ ತಾಗಿ ನಡುಗುತ್ತದೆ, ನಿಲ್ಲುತ್ತದೆ. ಕೆಲವು ಸೆಕೆಂಡಿನ ನಂತರ ಮತ್ತೆ ನಡುಗುತ್ತದೆ. ಎರಡನೆಯ ನಡುಕ ಮೊದಲಿನದಕ್ಕಿಂತ ವೇಗವೋ ನಿಧಾನವೋ ಎಂದು ಕೋತಿ ಗುಂಡಿ ಒತ್ತಿ ಹೇಳಬೇಕು. ಹೇಳಬೇಕಾದರೆ ಮೊದಲಿನದನ್ನು ಮನಸ್ಸಿನಲ್ಲಿ ಹಿಡಿದಿರಲೇಬೇಕು. ಟಿಕೆಟ್ ಕಿಂಡಿಯ ಮುಂದಿನ ಆ ಹಿರಿಯರು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ?

1999ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಕುತೂಹಲಕರವಾಗಿದೆ. ಹಣೆಯ ಹಿಂಬದಿಯಲ್ಲಿರುವ ಮಿದುಳಿನ ಮುಂಭಾಗದ ಕೆಲವು ನರಕೋಶಗಳು, ಕಡ್ಡಿ ನಿಂತು ಬೆರಳು ಖಾಲಿಯಾಗಿದ್ದ ಹೊತ್ತಿನಲ್ಲೂ ಮಿಡಿಯುತ್ತಿದ್ದವು. ಅದೂ ಬೇಕಾಬಿಟ್ಟಿಯಾಗಿ ಅಲ್ಲ. ಮೊದಲ ನಡುಕ ವೇಗವಾಗಿದ್ದಷ್ಟೂ ಕೆಲವು ಕೋಶಗಳ ಮಿಡಿತ ಹೆಚ್ಚುತ್ತಿತ್ತು. ಇನ್ನು ಕೆಲವು ಕೋಶಗಳಲ್ಲಿ ಕಡಿಮೆಯಾಗುತ್ತಿತ್ತು. ತಕ್ಕಡಿಯ ಮುಳ್ಳು ತೂಕಕ್ಕೆ ತಕ್ಕಂತೆ ವಾಲಿ ನಿಂತ ಹಾಗೆ. ವಸ್ತು ಹೋಗಿದೆ, ಮುಳ್ಳು ಮಾತ್ರ ಎರಡನೆಯ ವಸ್ತು ಬರುವ ತನಕ ಅಲ್ಲೇ ನಿಂತಿದೆ.

ಹಾಗಾದರೆ ಬೆರಳಿನ ನಕ್ಷೆಯಿರುವ ಆ ಪಟ್ಟಿಗೆ ನೆನಪಿನಲ್ಲಿ ಪಾಲಿಲ್ಲವೇ? ಇದಕ್ಕೆ 2002ರಲ್ಲಿ ಹ್ಯಾರಿಸ್ ಮತ್ತು ಸಂಗಡಿಗರು ಮನುಷ್ಯರ ಮೇಲೆ ನಡೆಸಿದ ಪ್ರಯೋಗ ಬೆಳಕು ಚೆಲ್ಲುತ್ತದೆ. ಎರಡು ನಡುಕಗಳ ನಡುವಿನ ಬಿಡುವಿನಲ್ಲಿ, ತಲೆಯ ಹೊರಗಿನಿಂದ ಕಾಂತೀಯ ತಟ್ಟು ಕೊಟ್ಟು ಆ ಪಟ್ಟಿಯ ಕೆಲಸವನ್ನು ಒಂದು ಕ್ಷಣ ಕೆಡಿಸಿದರು. ಬಿಡುವು ಆರಂಭವಾದ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ತಟ್ಟಿದರೆ ಜನ ಹೆಚ್ಚು ತಪ್ಪಿದರು. ಒಂದು ಸೆಕೆಂಡಿನ ಹತ್ತಿರ ಬಂದ ಮೇಲೆ ತಟ್ಟಿದರೆ ಅಂಥ ಪರಿಣಾಮ ಕಾಣಲಿಲ್ಲ. ಮೊದಲ ಗಳಿಗೆಯಲ್ಲಿ ಗುರುತು ಬೆರಳಿನ ನಕ್ಷೆಯ ಮೇಲೆಯೇ ಹಸಿಯಾಗಿರುತ್ತದೆ, ನಂತರ ಅದರ ಹೊಣೆ ಬೇರೆ ಭಾಗಗಳಿಗೆ ದಾಟುತ್ತದೆ ಎಂಬ ವಿವರಣೆ ಇದಕ್ಕೆ ಹೊಂದುತ್ತದೆ. ಕೈಗಡ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವುದೆಂದರೆ ಇದೇ ಇರಬೇಕು.

ವಿಜ್ಞಾನಿಗಳ ನಡುವೆ ಚರ್ಚೆ ಮುಗಿದಿಲ್ಲ. ನೆನಪು ಉಳಿಯಲು ನರಕೋಶಗಳು ಎಡೆಬಿಡದೆ ಮಿಡಿಯುತ್ತಿರಲೇಬೇಕೆಂದಿಲ್ಲ, ಅವುಗಳ ನಡುವಿನ ಕೊಂಡಿಗಳು ಕೆಲವು ಸೆಕೆಂಡು ಬಿಗಿಯಾಗಿ ನಿಂತರೂ ಸಾಕು ಎಂಬ ವಾದ ಈಚಿನ ವರ್ಷಗಳಲ್ಲಿ ಬಲಗೊಂಡಿದೆ. ಆದರೆ ಒಂದು ಮಾತನ್ನು ಎಲ್ಲರೂ ಒಪ್ಪುತ್ತಾರೆ. ಸ್ಪರ್ಶದ ನೆನಪು ಒಂದೇ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ವಸ್ತುವಲ್ಲ. ಹಲವು ಭಾಗಗಳು ಕೂಡಿ ಎತ್ತಿಹಿಡಿದಿರುವ ಭಾರ. ನಡುವೆ ಗಮನ ಸಡಿಲಿದರೆ ಭಾರ ಕೆಳಗೆ ಬೀಳುತ್ತದೆ.

ವಲ್ಲಿಯ ಕೆಳಗಿನ ವ್ಯಾಪಾರ

ಕಣ್ಣಿದ್ದವರೂ ಬೆರಳನ್ನೇ ನಂಬಿ ನಡೆಸುವ ಒಂದು ವ್ಯವಹಾರ ನಮ್ಮ ದನದ ಸಂತೆಗಳಲ್ಲಿದೆ. ಎತ್ತಿನ ಹಲ್ಲು, ಗೊರಸು ನೋಡಿಯಾದ ಮೇಲೆ ದಲ್ಲಾಳಿ ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸುತ್ತಾನೆ. ಕೆಳಗೆ ಕೈಗೆ ಕೈ ಸೇರುತ್ತದೆ. ಹಿಡಿದ ಬೆರಳುಗಳ ಸಂಖ್ಯೆಯೇ ಬೆಲೆ. ಅದು ಸಾವಿರದ ಲೆಕ್ಕವೋ ಹತ್ತು ಸಾವಿರದ ಲೆಕ್ಕವೋ ಎಂಬುದು ಎತ್ತನ್ನು ನೋಡಿದವನಿಗೆ ಗೊತ್ತೇ ಇರುತ್ತದೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಬೆಲೆ ಕಾಣದು. ಒಂದು ಹಿಡಿತ, ತಲೆ ಅಲ್ಲಾಡಿಸುವುದು, ಮತ್ತೊಂದು ಹಿಡಿತ, ಕೊನೆಗೆ ಒಪ್ಪಿಗೆ.

ಕೃಷಿ ಮಾರುಕಟ್ಟೆಯನ್ನು ಕುರಿತ ಪುಸ್ತಕಗಳು ಈ ಪದ್ಧತಿಯನ್ನು ಹೊಗಳುವುದಿಲ್ಲ. ಬೆಲೆ ಗುಟ್ಟಾಗಿ ಕುದುರುವುದರಿಂದ, ಬೆರಳ ಭಾಷೆ ತಿಳಿಯದ ರೈತ ಮೋಸಹೋಗುವ ಸಂಭವವಿದೆ. ನವನಗರಕ್ಕೆ ಅಂಟಿಕೊಂಡೇ ಇರುವ ಅಮರಗೋಳದ ಪ್ರಾಂಗಣದಂಥ ನಿಯಂತ್ರಿತ ಮಾರುಕಟ್ಟೆಗಳು ಹುಟ್ಟಿಕೊಂಡ ಕಾರಣಗಳಲ್ಲಿ ಬೆಲೆ ಬಹಿರಂಗವಾಗಿ ನಿಲ್ಲಲಿ ಎಂಬುದೂ ಒಂದು. ಅದು ಬೇರೆ ಚರ್ಚೆ. ನಮ್ಮ ವಿಷಯಕ್ಕೆ ಇಲ್ಲಿ ಗಮನಿಸಬೇಕಾದದ್ದು ಇನ್ನೊಂದು. ದಲ್ಲಾಳಿಯ ಗದ್ದಲ, ದನಗಳ ಕೂಗು, ಚಹಾದವನ ಕರೆ, ಇಷ್ಟರ ನಡುವೆಯೂ ವ್ಯಾಪಾರಿಯ 'ಅಳತಿ' ಹೋಗುವುದಿಲ್ಲ. ಏಕೆ?

ಏಕೆಂದರೆ ಅವನು ಸ್ಪರ್ಶವನ್ನು ಸ್ಪರ್ಶವಾಗಿಯೇ ಇಟ್ಟುಕೊಳ್ಳುವುದಿಲ್ಲ. ನಾಲ್ಕು ಬೆರಳು ಹಿಡಿದ ಕ್ಷಣವೇ ಅದು ಮನಸ್ಸಿನಲ್ಲಿ 'ನಾಲ್ಕು' ಎಂಬ ಮಾತಾಗುತ್ತದೆ. ಮಾತಾದ ಮೇಲೆ ಅದನ್ನು ಒಳಗೊಳಗೇ ನುಡಿದು ಉಳಿಸಿಕೊಳ್ಳಬಹುದು. ಚರ್ಮದ ನೆನಪನ್ನು ನಾಲಿಗೆಯ ನೆನಪಿಗೆ ಬದಲಿಸಿಕೊಳ್ಳುವ ಉಪಾಯವಿದು.

ಹೆಸರಿಲ್ಲದ ಸ್ಪರ್ಶಕ್ಕೆ ಈ ಅನುಕೂಲವಿಲ್ಲ. ಹುಬ್ಬಳ್ಳಿಯ ಹತ್ತಿ ವ್ಯಾಪಾರ ಒಂದು ಕಾಲದಲ್ಲಿ ಬೆರಳ ಮೇಲೆಯೇ ನಿಂತಿತ್ತು. ಅಂಡಿಗೆಯಿಂದ ಒಂದು ಹಿಡಿ ಹತ್ತಿ ಕಿತ್ತು, ಎರಡು ಹೆಬ್ಬೆರಳುಗಳ ನಡುವೆ ಎಳೆದೆಳೆದು, ಎಳೆಯ ಉದ್ದ, ನುಣುಪು, ಬಲವನ್ನು ಅಂದಾಜು ಮಾಡುತ್ತಿದ್ದರು. ಈ ಅಂಡಿಗೆಯ ನುಣುಪಿಗೂ ಪಕ್ಕದ್ದರ ನುಣುಪಿಗೂ ಇರುವ ಕೂದಲೆಳೆಯ ವ್ಯತ್ಯಾಸಕ್ಕೆ ಯಾವ ಭಾಷೆಯಲ್ಲೂ ಸಂಖ್ಯೆಯಿಲ್ಲ. ಅದನ್ನು ಬೆರಳಲ್ಲಿಯೇ ಹೊತ್ತೊಯ್ಯಬೇಕು. ಹಾಗಾಗಿಯೇ ಪಳಗಿದವರು ಎರಡನ್ನೂ ಒಂದರ ಹಿಂದೊಂದು ತಡಮಾಡದೆ ಮುಟ್ಟಿ ನೋಡುತ್ತಾರೆ. ಸೀರೆ ಅಂಗಡಿಯಲ್ಲಿ ನಮ್ಮ ತಾಯಂದಿರು ಮಾಡುವುದೂ ಇದನ್ನೇ.

ಒಂಬತ್ತು ಮನೆಯ ಹುಬ್ಬಳ್ಳಿ

ಈ ಕೈಗಡವನ್ನೇ ಬಂಡವಾಳ ಮಾಡಿಕೊಂಡ ವಿದ್ಯೆಯೊಂದಿದೆ. ಅದು ಬ್ರೈಲ್ ಓದು. ಫ್ರಾನ್ಸಿನ ಲೂಯಿ ಬ್ರೈಲ್ (1809-1852) ರೂಪಿಸಿದ ಈ ಲಿಪಿಯಲ್ಲಿ ಒಂದೊಂದು ಮನೆಗೆ ಆರು ಚುಕ್ಕೆಗಳ ಜಾಗ. ಯಾವ ಚುಕ್ಕೆ ಉಬ್ಬಿದೆ ಎಂಬುದರ ಮೇಲೆ ಅಕ್ಷರ ನಿರ್ಧಾರವಾಗುತ್ತದೆ. ಭಾರತದ ಭಾಷೆಗಳಿಗೆ ಒಂದೇ ಬಗೆಯ ಬ್ರೈಲ್ ಇರಬೇಕೆಂದು 1951ರಲ್ಲಿ ಭಾರತಿ ಬ್ರೈಲ್ ಬಂತು. ಕನ್ನಡ ಬ್ರೈಲ್ ಅದರ ಕವಲು.

ಕನ್ನಡ ಬ್ರೈಲ್‌ನಲ್ಲಿ ಕಾಗುಣಿತವನ್ನು ಅಕ್ಷರದ ಮೈಗೆ ಅಂಟಿಸಿ ಬರೆಯುವುದಿಲ್ಲ. ಮೊದಲು ವ್ಯಂಜನ, ಅದರ ಮುಂದಿನ ಮನೆಯಲ್ಲಿ ಸ್ವರ. ಒತ್ತಕ್ಷರವಿದ್ದರೆ ಅದನ್ನು ಮೊದಲೇ ಎಚ್ಚರಿಸಲು ಒಂದು ಚುಕ್ಕೆಯ ಗುರುತು, ಆಮೇಲೆ ಎರಡು ವ್ಯಂಜನಗಳು. ಕಣ್ಣಿನಲ್ಲಿ ಓದುವವರಿಗೆ 'ನವನಗರ' ಐದು ಅಕ್ಷರ. ಬೆರಳಿಗೂ ಅದು ಐದೇ ಮನೆ. 'ಧಾರವಾಡ' ಕಣ್ಣಿಗೆ ನಾಲ್ಕು, ಬೆರಳಿಗೆ ಆರು. 'ಹುಬ್ಬಳ್ಳಿ' ಕಣ್ಣಿಗೆ ಮೂರೇ ಅಕ್ಷರ. ಬೆರಳಿಗೆ ಒಂಬತ್ತು ಮನೆ. ಹ, ಉ, ಒತ್ತಿನ ಗುರುತು, ಬ, ಬ, ಮತ್ತೆ ಒತ್ತಿನ ಗುರುತು, ಳ, ಳ, ಇ.

ಕೊನೆಯ 'ಇ' ಬೆರಳಿಗೆ ಸಿಗುವ ತನಕ ಅದು ಹುಬ್ಬಳ್ಳಿಯೋ ಬೇರೇನೋ ಎಂದು ತೀರ್ಮಾನವಾಗದು. ಅಲ್ಲಿಯವರೆಗೆ ಎಂಟು ಮನೆಗಳ ಸುದ್ದಿಯನ್ನು ಸಾಲಾಗಿ ಹಿಡಿದಿರಬೇಕು. ಹೊಸದಾಗಿ ಕಲಿಯುವ ಮಗು ಇಲ್ಲಿಯೇ ಎಡವುತ್ತದೆ. ಎಂಟನೆಯ ಮನೆಗೆ ಬರುವಷ್ಟರಲ್ಲಿ ಮೊದಲನೆಯದು ಜಾರಿರುತ್ತದೆ. ಮತ್ತೆ ಆರಂಭಕ್ಕೆ ಹೋಗುತ್ತದೆ. ಮಗುವಿಗೆ ಬುದ್ಧಿ ಕಡಿಮೆಯೆಂದಲ್ಲ, ಕೈಗಡದ ಮಿತಿ ಅಷ್ಟೇ. ಅಭ್ಯಾಸವಾದ ಮೇಲೆ ಒಂಬತ್ತು ಮನೆಗಳು ಕೂಡಿ 'ಹುಬ್ಬಳ್ಳಿ' ಎಂಬ ಒಂದೇ ಗಂಟಾಗುತ್ತವೆ. ಆಗ ಒಂಬತ್ತರ ಬದಲು ಒಂದನ್ನು ಹಿಡಿದರೆ ಸಾಕು, ಉಳಿದ ಜಾಗ ಮುಂದಿನ ಪದಕ್ಕೆ.

ಪಳಗಿದ ಓದುಗರಲ್ಲಿ ಮಿದುಳೇ ಬದಲಾಗುತ್ತದೆ. ಬ್ರೈಲ್ ಓದುವ ಬೆರಳಿಗೆ ಮಿದುಳಿನ ನಕ್ಷೆಯಲ್ಲಿ ಹೆಚ್ಚು ಜಾಗ ಸಿಗುತ್ತದೆಂದು 1993ರ ಅಧ್ಯಯನವೊಂದು ತೋರಿಸಿತು. ಚಿಕ್ಕಂದಿನಿಂದ ಕಣ್ಣು ಕಾಣದವರು ಬ್ರೈಲ್ ಓದುವಾಗ ತಲೆಯ ಹಿಂಬದಿಯ, ನೋಡುವ ಕೆಲಸಕ್ಕೆ ಮೀಸಲಾದ ಭಾಗವೇ ಚುರುಕಾಗುತ್ತದೆಂದು 1996ರಲ್ಲಿ ಸದಾತೊ ಮತ್ತು ಸಂಗಡಿಗರು ಪ್ರಕಟಿಸಿದರು. ಕಣ್ಣಿನಿಂದ ಸುದ್ದಿ ಬಾರದಾದಾಗ ಆ ಮನೆಯನ್ನು ಬೀಳುಬಿಡದೆ ಬೆರಳು ಬಂದು ಒಕ್ಕಲಾಗುತ್ತದೆ.

ಅಂಧರ ಕೈಗೆ ವಿದ್ಯೆ ಕೊಟ್ಟರೆ ಏನಾಗಬಹುದು ಎಂಬುದಕ್ಕೆ ನಮ್ಮ ಭಾಗದವರು ಪ್ರಯೋಗಶಾಲೆಯ ಸಾಕ್ಷಿಗೆ ಕಾಯಬೇಕಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಇಲ್ಲೇ ಹತ್ತಿರದಲ್ಲಿದೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914-2010) ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಹಾರ್ಮೋನಿಯಂ ಮನೆಗಳ ಮೇಲೆ, ತಬಲಾದ ಅಂಚು-ಕರಣೆಗಳ ಮೇಲೆ ಓಡಾಡುವ ಆ ಬೆರಳುಗಳು ಕೈಗಡವನ್ನು ದಾಟಿ ಆಸ್ತಿ ಸಂಪಾದಿಸಿದವು. ಸಾವಿರ ಸಲ ಮುಟ್ಟಿದ್ದನ್ನು ಮತ್ತೆ ನೆನಪಿಟ್ಟುಕೊಳ್ಳಬೇಕಿಲ್ಲ. ಅದು ಕೈಗೇ ಬಂದಿರುತ್ತದೆ.

ನಾಲ್ಕು ಮಿಲಿಮೀಟರಿನ ಸಂಕಟ

ಈಗ ಟಿಕೆಟ್ ಕಿಂಡಿಗೆ ಮರಳೋಣ. ಅಲ್ಲಿ ಸಮಸ್ಯೆ ಬೆರಳಿನದೂ ಅಲ್ಲ, ಮಿದುಳಿನದೂ ಅಲ್ಲ, ನೋಟಿನದು.

2016ಕ್ಕೆ ಮುಂಚಿನ ಮಹಾತ್ಮ ಗಾಂಧಿ ಸರಣಿಯ ನೋಟುಗಳಲ್ಲಿ 100 ರೂಪಾಯಿಯ ಉದ್ದ 157 ಮಿಲಿಮೀಟರ್, 500ರದು 167, 1000ದ್ದು 177. ಒಂದೊಂದು ಮೆಟ್ಟಿಲಿಗೂ ಹತ್ತು ಮಿಲಿಮೀಟರಿನ ಅಂತರ. ಕಣ್ಣು ಕಾಣದವರು ವರ್ಷಗಟ್ಟಲೆ ಬಳಸಿ ಈ ಅಳತೆಗಳನ್ನು ಕೈಗೆ ಪಳಗಿಸಿಕೊಂಡಿದ್ದರು. ಅವರ ಪಾಲಿಗೆ ಅದು ಕೈಗಡವಾಗಿರಲಿಲ್ಲ, ಆಸ್ತಿಯಾಗಿತ್ತು.

2016ರ ನವೆಂಬರಿನ ನೋಟು ರದ್ದತಿಯ ನಂತರ ಹೊಸ ಸರಣಿ ಬಂತು. ಅದರಲ್ಲಿ 100ರ ಉದ್ದ 142 ಮಿಲಿಮೀಟರ್, 200ರದು 146, 500ರದು 150. ಅಗಲ ಮೂರಕ್ಕೂ ಒಂದೇ, 66. ಹತ್ತು ಮಿಲಿಮೀಟರಿನ ಮೆಟ್ಟಿಲು ನಾಲ್ಕಕ್ಕೆ ಇಳಿಯಿತು. ಅಷ್ಟೇ ಅಲ್ಲ, ಹಳೆಯ ಸರಣಿಯ ಚಿಕ್ಕ ನೋಟುಗಳೂ ಚಲಾವಣೆಯಲ್ಲಿ ಉಳಿದವು. ಹಳೆಯ 20 ರೂಪಾಯಿ ನೋಟಿನ ಉದ್ದ 147, ಅಗಲ 63. ಹೊಸ 200ರ ಉದ್ದ 146, ಅಗಲ 66. ಉದ್ದದಲ್ಲಿ ಒಂದು, ಅಗಲದಲ್ಲಿ ಮೂರು ಮಿಲಿಮೀಟರಿನ ವ್ಯತ್ಯಾಸ. ಬೆಲೆಯಲ್ಲಿ ಮಾತ್ರ ಹತ್ತು ಪಟ್ಟು.

ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ಅರ್ನ್ಸ್ಟ್ ವೇಬರ್ 1834ರಲ್ಲಿ ಸ್ಪರ್ಶದ ಬಗ್ಗೆ ಬರೆದ ಗ್ರಂಥದಲ್ಲಿ ಒಂದು ನಿಯಮ ಹೇಳಿದ್ದ. ಎರಡು ವಸ್ತುಗಳ ವ್ಯತ್ಯಾಸ ನಮಗೆ ತಿಳಿಯುವುದು ಆ ವ್ಯತ್ಯಾಸ ಎಷ್ಟಿದೆ ಎಂಬುದರಿಂದಲ್ಲ, ಮೂಲ ಅಳತೆಯಲ್ಲಿ ಅದು ಎಷ್ಟನೇ ಪಾಲು ಎಂಬುದರಿಂದ. ಆ ಲೆಕ್ಕ ಹಾಕಿ ನೋಡಿ. ಹಳೆಯ 100ರಿಂದ 500ಕ್ಕೆ ಉದ್ದ ಶೇಕಡ 6ಕ್ಕೂ ಹೆಚ್ಚು ಬೆಳೆಯುತ್ತಿತ್ತು. ಹೊಸ 100ರಿಂದ 200ಕ್ಕೆ ಶೇಕಡ 3ರಷ್ಟೂ ಇಲ್ಲ. ವ್ಯತ್ಯಾಸ ಕಿರಿದಾದಷ್ಟೂ ಮೊದಲಿನ ಅಳತೆಯನ್ನು ಮನಸ್ಸಿನಲ್ಲಿ ಹೆಚ್ಚು ನಿಖರವಾಗಿ ಹಿಡಿದಿರಬೇಕು. ಕೆಲವೇ ಸೆಕೆಂಡು ಬಾಳುವ, ಒಂದು ಮಾತಿಗೆ ಚೆದರುವ ಆ ನೆನಪಿನ ಮೇಲೆ ಇಷ್ಟು ಭಾರ ಬಿತ್ತು.

ನೋಟು ರೂಪಿಸಿದವರು ಅಂಧರನ್ನು ಪೂರಾ ಮರೆತರೆಂದಲ್ಲ. 100ರ ನೋಟಿನಲ್ಲಿ ಉಬ್ಬಿದ ತ್ರಿಕೋನ, 500ರಲ್ಲಿ ವೃತ್ತ, ಎರಡೂ ಅಂಚುಗಳಲ್ಲಿ ಉಬ್ಬುಗೆರೆಗಳು ಇವೆ. 100ಕ್ಕೆ ನಾಲ್ಕು ಗೆರೆ, 500ಕ್ಕೆ ಐದು. ಗೆರೆಗಳನ್ನು ಎಣಿಸಬಹುದು, ಎಣಿಸಿದ್ದು ಮಾತಾಗುತ್ತದೆ, ಮಾತು ಉಳಿಯುತ್ತದೆ. ವಲ್ಲಿಯ ಕೆಳಗಿನ ಉಪಾಯವೇ ಇಲ್ಲಿಯೂ. ಆದರೆ ಹತ್ತಾರು ಕಿಸೆಗಳಲ್ಲಿ ಮಡಚಿ, ಬೆವರಿನಲ್ಲಿ ನೆನೆದು ಬಂದ ನೋಟಿನ ಮೇಲೆ ಉಬ್ಬು ಎಷ್ಟು ದಿನ ನಿಂತೀತು? ಅದು ಸವೆದ ಮೇಲೆ ಉಳಿಯುವುದು ಉದ್ದದ ಅಳತೆಯೊಂದೇ. ಹೊಸ ನೋಟು, ನಾಣ್ಯಗಳನ್ನು ಗುರುತಿಸುವುದು ಕಷ್ಟವೆಂದು ರಾಷ್ಟ್ರೀಯ ಅಂಧರ ಸಂಘ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. 2019ರಲ್ಲಿ ಅಂಧರಿಗೆ ಅನುಕೂಲವಾಗುವ ನಾಣ್ಯಗಳ ಸರಣಿ ಹೊರಬಂತು. ಅದರಲ್ಲಿ 20 ರೂಪಾಯಿಗೆ ಹನ್ನೆರಡು ಮೂಲೆ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು, ಮೊಬೈಲ್ ಕ್ಯಾಮೆರಾ ಮುಂದೆ ನೋಟು ಹಿಡಿದರೆ ಬೆಲೆಯನ್ನು ಉಸುರುವ 'ಮನಿ' ಎಂಬ ಆ್ಯಪ್ ತಂದಿತು. ಉಪಯುಕ್ತವೇ. ಆದರೆ ತುಂಬಿದ ಸಾಲಿನಲ್ಲಿ ನಿಂತು, ಒಂದು ಕೈಯಲ್ಲಿ ಬೆಳ್ಳಿಗೋಲು, ಇನ್ನೊಂದರಲ್ಲಿ ನೋಟು ಹಿಡಿದವರು ಮೊಬೈಲನ್ನು ಯಾವ ಕೈಯಲ್ಲಿ ಹಿಡಿಯಬೇಕು?

ಹಾಗಾಗಿ ಅನೇಕರು ತಮ್ಮದೇ ದಾರಿ ಹಿಡಿದಿದ್ದಾರೆ. ಮನೆಯಲ್ಲಿ ಕಣ್ಣಿದ್ದವರಿಂದ ಕೇಳಿ ತಿಳಿದು, ಒಂದು ಬೆಲೆಯ ನೋಟನ್ನು ಅಡ್ಡ ಮಡಿಕೆ, ಇನ್ನೊಂದನ್ನು ಉದ್ದ ಮಡಿಕೆ, ಮತ್ತೊಂದನ್ನು ಮಡಿಸದೆ ಇಟ್ಟುಕೊಳ್ಳುತ್ತಾರೆ. ನೆನಪನ್ನು ಮಿದುಳಿನಿಂದ ಇಳಿಸಿ ಕಾಗದದ ಮೇಲೆಯೇ ಇಡುವ ಜಾಣತನ. ಆದರೆ ಚಿಲ್ಲರೆಯಾಗಿ ಬಂದ ನೋಟಿಗೆ ಮಡಿಕೆ ಇರುವುದಿಲ್ಲ. ಅಲ್ಲಿ ಮತ್ತೆ ಬೆರಳು, ಮತ್ತೆ ಅಳತೆ, ಮತ್ತೆ ಕೈಗಡ.

ನಮ್ಮ ಕೈಯಲ್ಲಿರುವುದು

ನೋಟಿನ ಅಳತೆ ಬದಲಿಸುವುದು ನಮ್ಮ ನಿಮ್ಮ ಕೈಯಲ್ಲಿಲ್ಲ. ಆದರೆ ಇಷ್ಟೆಲ್ಲ ಪ್ರಯೋಗಗಳ ಸಾರದಿಂದ ಎರಡು ಸಣ್ಣ ರೂಢಿಗಳನ್ನು ಮಾಡಿಕೊಳ್ಳಬಹುದು. ಕಣ್ಣು ಕಾಣದವರಿಗೆ ಚಿಲ್ಲರೆ ಕೊಡುವಾಗ ಒಟ್ಟಿಗೆ ಕೈಗೆ ತುರುಕದೆ, "ಇದು ನೂರು, ಇದು ಇಪ್ಪತ್ತು" ಎಂದು ಒಂದೊಂದನ್ನೇ ಹೆಸರು ಹೇಳಿ ಕೊಡುವುದು ಒಂದು. ಹೆಸರು ಸಿಕ್ಕೊಡನೆ ಸ್ಪರ್ಶಕ್ಕೆ ಆಯುಷ್ಯ ಬರುತ್ತದೆ. ಇನ್ನೊಂದು ಅದಕ್ಕಿಂತ ಸುಲಭ. ಅವರ ಬೆರಳು ನೋಟಿನ ಮೇಲೆ ಓಡುತ್ತಿರುವಾಗ ಸುಮ್ಮನಿರುವುದು.

ಆ ಸಂಜೆ ಹಿರಿಯರು ಎರಡನೆಯ ಸಲ ಅಳೆದಾಗ ಸಾಲಿನಲ್ಲಿ ಯಾರೂ ಮಾತಾಡಲಿಲ್ಲ. ಹೆಬ್ಬೆರಳು ಒಂದು ನೋಟನ್ನು ಸವರಿತು, ಇನ್ನೊಂದನ್ನು ಸವರಿತು. "ಹಾಂ, ಇದ ನೂರು," ಎಂದು ಕಿಂಡಿಯೊಳಗೆ ಚಾಚಿದರು. ಲೆಕ್ಕ ಸರಿಯಾಗಿತ್ತು. ಅವರಿಗೆ ಬೇಕಾದದ್ದು ಹತ್ತು ಸೆಕೆಂಡು ಮಾತ್ರ. ಚಿಗರಿ ಅಷ್ಟು ಹೊತ್ತು ನಿಂತೇ ಇತ್ತು.